ಉಳಿದ ಕುರಿಗಳು

ಎಂಬತ್ನಾಲ್ಕನೇ ಇಸವಿಯ ಸಂಕ್ರಾಂತಿ ಕಳೆದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹುಲಿಗೆಮ್ಮನ ಮಂದೆಯಲ್ಲಿ ಒಂದು ಕುರಿ ಮೇವು ಬಿಟ್ಟು ನಿಂತಿತು.

ಹುಲಿಗೆಮ್ಮ ಮತ್ತು ಅವಳ ಗಂಡ ದುರುಗಪ್ಪ ಜಗಳೂರು ತಾಲೂಕಿನ ಬಿಳಿಚೋಡಿನವರು. ಅದು ಮಳೆಯನ್ನೇ ನಂಬಿದ ಸೀಮೆ. ಜೋಳ ಕೊಯ್ದು ಹೊಲ ಬೋಳಾದ ಮೇಲೆ ಅಲ್ಲಿ ಕುರಿಗೆ ಮೇವು ಸಾಲುವುದಿಲ್ಲ. ಆದ್ದರಿಂದ ಗಂಡ ಹೆಂಡಿರಿಬ್ಬರೂ ವರ್ಷವರ್ಷವೂ ಕತ್ತೆಯ ಮೇಲೆ ಪಾತ್ರೆ, ಕಂಬಳಿ, ಬಲೆ ಹೇರಿಕೊಂಡು, ಮಂದೆ ಹೊಡೆದುಕೊಂಡು ಪಡುವಣ ದಿಕ್ಕಿಗೆ ಹೊರಡುತ್ತಿದ್ದರು. ಚನ್ನಗಿರಿ ಕಡೆಯ ನಾಲೆ ಗದ್ದೆಗಳಲ್ಲಿ ಕೆಲವು ದಿನ, ಹೊನ್ನಾಳಿಯ ಹೊಳೆಸಾಲಿನಲ್ಲಿ ಕೆಲವು ದಿನ, ಆಮೇಲೆ ನ್ಯಾಮತಿ ದಾಟಿ ಸವಳಂಗದ ಬಯಲು. ಕೊಯ್ಲಾದ ಗದ್ದೆಯಲ್ಲಿ ಹಗಲೆಲ್ಲ ಕುರಿ ಮೇಯುತ್ತಿದ್ದವು. ಕತ್ತಲಾದ ಮೇಲೆ ಸುತ್ತ ಬಲೆ ಕಟ್ಟಿ ಅಲ್ಲೇ ತರುಬಿದರೆ ಹಿಕ್ಕೆ, ಗಂಜಲ ಬಿದ್ದು ಮಣ್ಣಿಗೆ ಗೊಬ್ಬರವಾಗುತ್ತಿತ್ತು. ಗದ್ದೆಯವರು ಅದಕ್ಕೆ ಭತ್ತ ಅಳೆದು ಕೊಡುತ್ತಿದ್ದರು. ಸವಳಂಗದಲ್ಲಿ ಕಲ್ಲೇಶಪ್ಪ ಎಂಬ ರೈತರು ಇವರಿಗೆ ಖಾಯಂ. ಬೇರೆ ಯಾರ ಮಂದೆ ಮೊದಲು ಬಂದರೂ, ‘ನಮ್ಮ ದುರುಗಪ್ಪ ಬರ್ತಾನೆ, ನೀವು ಮುಂದೆ ಹೋಗ್ರಿ’ ಎಂದು ಕಳಿಸಿಬಿಡುತ್ತಿದ್ದರು.

ಮೇವು ಬಿಟ್ಟ ಕುರಿ ಮೂರು ಸೂಲಿನದು, ಗಟ್ಟಿ ಮೈಯದು. ತಲೆ ಇಳಿಬಿಟ್ಟು ಬಿಸಿಲಲ್ಲೇ ನಿಂತಿತ್ತು. ಹುಲಿಗೆಮ್ಮ ಹತ್ತಿರ ಹೋಗಿ ಕಿವಿ ಮುಟ್ಟಿದಳು. ಕಾದ ಹೆಂಚಿನ ಹಾಗಿತ್ತು. ಮೂಗಿನಿಂದ ನೀರು ಸೋರುತ್ತಿತ್ತು. ನೆಗಡಿಯಿರಬೇಕೆಂದು ಅರಿಸಿನ, ಮೆಣಸು ಅರೆದು ಕುಡಿಸಿದಳು. ಬೆಳಗಾಗುವುದರೊಳಗೆ ಮೂಗಿನ ನೀರು ಗಟ್ಟಿ ಸಿಂಬಳವಾಗಿ ಉಸಿರು ಕಟ್ಟಿತ್ತು, ಕಣ್ಣು ಗೀಜಿನಿಂದ ಅಂಟಿಕೊಂಡಿದ್ದವು. ಬಾಯಿ ಬಿಡಿಸಿ ನೋಡಿದರೆ ಒಸಡಿನ ಮೇಲೆ ಯಾರೋ ತೌಡು ಮೆತ್ತಿದ ಹಾಗೆ ಬೆಳ್ಳಗೆ ಕೂತಿತ್ತು. ಕೆಟ್ಟ ನಾತ. ಹುಲಿಗೆಮ್ಮ ಹುಟ್ಟಿದ್ದೇ ಕುರಿಹಟ್ಟಿಯಲ್ಲಿ. ಸಿಡುಬು ನೋಡಿದ್ದಳು, ಕಾಲುಬಾಯಿ ಜ್ವರ ನೋಡಿದ್ದಳು, ಚಿಗುರು ಹುಲ್ಲು ತಿಂದು ಕರುಳು ಬೇನೆಯಿಂದ ನಿಂತಲ್ಲೇ ಬೀಳುವುದನ್ನೂ ನೋಡಿದ್ದಳು. ಇಂಥದ್ದನ್ನು ಮಾತ್ರ ನೋಡಿರಲಿಲ್ಲ.

“ಇದೇನು ಬೇನೆ ಇದು?” ಎಂದು ಗಂಡನನ್ನು ಕೇಳಿದಳು.

ದುರುಗಪ್ಪ ಕುರಿಯ ದವಡೆ ಹಿಡಿದು ಬಹಳ ಹೊತ್ತು ನೋಡಿದ. “ನಮ್ಮಪ್ಪ ಇದ್ದಿದ್ರೆ ಹೇಳ್ತಿದ್ದ” ಎಂದ. ಅವನ ದನಿ ಕೇಳಿದರೆ ಅಪ್ಪನೂ ಹೇಳುತ್ತಿರಲಿಲ್ಲವೇನೋ ಎನ್ನುವ ಹಾಗಿತ್ತು.

ಆ ಕುರಿ ಸತ್ತಿತು. ಅದು ಸಾಯುವ ಹೊತ್ತಿಗೆ ಇನ್ನಷ್ಟು ಕುರಿಗಳು ಕೆಮ್ಮುತ್ತಿದ್ದವು. ಭೇದಿ ಹತ್ತಿ ಹಿಂದಿನ ಉಣ್ಣೆಯೆಲ್ಲ ಒದ್ದೆಯಾಗಿ ಮೆತ್ತಿಕೊಂಡಿತ್ತು. ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ದುರುಗಪ್ಪ ಕಬ್ಬಿಣ ಕಾಯಿಸಿ ಬರೆ ಎಳೆದ, ಬೇವಿನ ರಸ ಹಿಂಡಿದ, ಊರ ದೇವರಿಗೆ ಮುಡಿಪು ಕಟ್ಟಿದ. ಮುಡಿಪು ಕಟ್ಟಿದ ಟಗರೇ ಮರುದಿನ ಮಲಗಿತು.

ಕಲ್ಲೇಶಪ್ಪನವರು ತಾವೇ ನ್ಯಾಮತಿಗೆ ಬಸ್ಸು ಹತ್ತಿ ಹೋಗಿ ದನದ ಡಾಕ್ಟರನ್ನು ಕರೆತಂದರು. ಮಹೇಶ್ವರಪ್ಪ ಎಂದು ಅವರ ಹೆಸರು. ನಡುವಯಸ್ಸಿನವರು, ಮೆತ್ತಗೆ ಮಾತಾಡುವವರು. ಪ್ಯಾಂಟು ಮಡಚಿಕೊಂಡು ಹಿಕ್ಕೆಯ ಮೇಲೇ ಕೂತು ಒಂದೊಂದು ಕುರಿಯ ಬಾಯಿಯನ್ನೂ ನೋಡಿದರು. ಸತ್ತದ್ದೊಂದನ್ನು ಕೊಯ್ದು ಒಳಗೆ ನೋಡಿದರು. ಅದರ ಚೂರುಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿ ಹಾಕಿಟ್ಟರು. ಕೈ ತೊಳೆಯಲು ಹುಲಿಗೆಮ್ಮ ನೀರು ಹಾಕುವಾಗ, “ದನಕ್ಕೆ ದೊಡ್ಡರೋಗ ಬರ್ತಿತ್ತಲ್ಲ, ಹೆಚ್ಚುಕಮ್ಮಿ ಹಂಗೇ ಐತಮ್ಮ” ಎಂದರು.

“ನಮ್ಮ ಕತ್ತೇನೂ ಇಲ್ಲೇ ಐತೆ, ಕಲ್ಲೇಶಪ್ಪ ಗೌಡ್ರ ದನಾನೂ ಇಲ್ಲೇ ಮೇಯ್ತಾವೆ. ಅವಕ್ಕೇನೂ ಆಗಿಲ್ಲಲ್ರೀ.”

“ಅದೇ ನನಗೂ ತಿಳೀತಿಲ್ಲ. ದೊಡ್ಡರೋಗ ಆಗಿದ್ರೆ ಮೊದಲು ದನ ಮಲಗಬೇಕಿತ್ತು. ಇದು ಬರೀ ಕುರಿ, ಆಡು ಹಿಡೀತೈತೆ. ಆ ರೋಗಾನೇ ತಿರುಗಿ ಹಿಂಗಾಗಿ ಬಂದೈತೋ, ಅದರ ಸಂಬಂಧದ್ದು ಬೇರೇನೋ, ಬೆಂಗಳೂರಿನವರು ನೋಡಿ ಹೇಳಬೇಕು.”

“ಹೋದ ವರ್ಷ ನಮ್ಮೂರಾಗೆ ಎಲ್ಲ ಕುರಿಗೂ ಇಂಜೆಕ್ಷನ್ ಹಾಕಿದ್ರಲ್ರೀ” ಎಂದ ದುರುಗಪ್ಪ.

“ಅದು ಸಿಡುಬಿಗೆ ಹಾಕಿದ್ದಪ್ಪ. ಇದಕ್ಕೆ ನನ್ನ ಹತ್ರ ಏನೂ ಇಲ್ಲ.” ಡಾಕ್ಟರು ಆಮೇಲೆ, ಭೇದಿ ಕಟ್ಟುವುದಕ್ಕೆಂದು ಪುಡಿ ಕೊಟ್ಟು, ಗಂಜಿಗೆ ಉಪ್ಪು ಬೆಲ್ಲ ಹಾಕಿ ಕುಡಿಸುತ್ತಿರಲು ಹೇಳಿದರು. “ಒಂದು ಮಾತು ಮಾತ್ರ ನಡೆಸಿಕೊಡ್ರಿ. ಮಂದೆ ಎಲ್ಲಿಗೂ ಹೊಡೀಬ್ಯಾಡ್ರಿ. ಬೇರೆ ಕುರಿ ಜೊತೆ ಸೇರಿಸಬ್ಯಾಡ್ರಿ. ಕೊನೇ ಕುರಿ ಚೇತರಿಸಿಕೊಂಡು ತಿಂಗಳಾದ್ರೂ ಆಗೋತನಕ ಊರ ದಾರಿ ಹಿಡೀಬ್ಯಾಡ್ರಿ.”

ಡಾಕ್ಟರನ್ನು ಬಸ್ಸಿಗೆ ಬಿಟ್ಟು ಬಂದ ಕಲ್ಲೇಶಪ್ಪನವರು ಬದುವಿನ ಮೇಲೆ ಕೂತು ತಮ್ಮ ಗದ್ದೆಯನ್ನೇ ನೋಡಿದರು. ಆ ಸಲ ಅವರ ಭತ್ತವೂ ಅರ್ಧಕ್ಕರ್ಧ ಜಳ್ಳಾಗಿತ್ತು. ಬುಡದಲ್ಲಿ ಜಿಗಿಹುಳು ಕೂತು ರಸ ಹೀರಿ, ಬೆಂಕಿ ಬಿದ್ದ ಹಾಗೆ ಪೈರು ದುಂಡುದುಂಡಾಗಿ ಒಣಗಿ ಹೋಗಿತ್ತು.

“ಹೊಸ ಬೀಜ ಬಂದ ಮೊದಲ್ನೇ ವರ್ಷ ಈ ಹುಳದ ಹೆಸರೇ ಇರಲಿಲ್ಲ ದುರುಗಪ್ಪ” ಎಂದರು. “ಆಮೇಲೆ ಬಂತು. ಒಂದು ಸಲ ಔಷಧಿ ಹೊಡೆದ್ರೆ ಹೋಗ್ತಿತ್ತು. ಈಗ ಹೊಡೆದಷ್ಟೂ ಹೆಚ್ಚಾಗ್ತಾವೆ. ಅದನ್ನೇ ಕುಡಿದು ಬೆಳೆದಂಗೆ.” ಅಷ್ಟು ಹೇಳಿ ಎದ್ದು ಹೋದರು.

ಮೂರ್ನಾಲ್ಕು ದಿನಕ್ಕೆ ಊರಿನ ಕೂಲಿಯವರ ಕೇರಿಯಲ್ಲಿ ಆಡುಗಳು ಕೆಮ್ಮತೊಡಗಿದವು. ಕೆರೆ ಏರಿಯ ಮೇಲೆ ಹುಲಿಗೆಮ್ಮನ ಕುರಿಗಳ ಜೊತೆಗೇ ನೀರು ಕುಡಿದ ಆಡುಗಳು ಅವು. ಗಿಡ್ಡಪ್ಪ ಎಂಬ ಮುದುಕ ಸತ್ತ ಆಡೊಂದನ್ನು ಹೆಗಲ ಮೇಲೆ ಹೊತ್ತು ತಂದು ಬಲೆಯ ಪಕ್ಕದಲ್ಲಿ ಇಳಿಸಿದ. ಹಿಂದೆ ಇನ್ನೂ ಕೆಲವರಿದ್ದರು.

“ನಾನು ಜಗಳಕ್ಕೆ ಬಂದಿಲ್ಲ ತಾಯಿ. ನಮ್ಮನ್ಯಾಗೆ ಎರಡೇ ಆಡು ಇದ್ದದ್ದು. ಇನ್ನೊಂದು ಉಳದ್ರೆ ಉಳೀಲಿ ಅಂತ. ನೀವು ಇಲ್ಲಿಂದ ಎದ್ದು ಹೋಗ್ರಿ” ಎಂದ.

ಹುಲಿಗೆಮ್ಮ ಆ ಆಡಿನ ಮುಖ ನೋಡಿದಳು. ಅದೇ ಗೀಜು, ಅದೇ ತೌಡು.

ಕಲ್ಲೇಶಪ್ಪನವರು ಅವರನ್ನು ಊರಿಂದ ದೂರ, ಗುಡ್ಡದ ತಪ್ಪಲಿನಲ್ಲಿದ್ದ ತಮ್ಮ ಬೀಳು ಹೊಲಕ್ಕೆ ಕಳಿಸಿದರು. ಅಲ್ಲಿ ಒಂದು ಹಳೇ ಬಾವಿ ಇತ್ತು. ಸುತ್ತ ಯಾರೂ ಕುರಿ ಮೇಯಿಸುತ್ತಿರಲಿಲ್ಲ. ನಡೆಯಲಾರದ ಕುರಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋದರು. ಅಲ್ಲಿ ಬಲೆ ಕಟ್ಟಿ ಮುಗಿಸಿದ ಸಂಜೆಯೇ ದುರುಗಪ್ಪ ಮಾತು ತೆಗೆದ.

“ಗಟ್ಟಿ ಇರೋವನ್ನ ಬೇರೆ ಮಾಡಿ ಊರಿಗೆ ಹೊಡೆಯಾಣ.”

“ಡಾಕ್ಟ್ರು ಬ್ಯಾಡ ಅಂದಾರೆ.”

“ಡಾಕ್ಟ್ರಿಗೆ ಏನು ಗೊತ್ತು? ಗೊತ್ತಿಲ್ಲ ಅಂತ ಅವರೇ ಹೇಳಿದ್ರು. ಇಲ್ಲೇ ಇದ್ರೆ ಎಲ್ಲಾವೂ ಸಾಯ್ತಾವೆ. ಊರಾಗೆ ನಮ್ಮವರು ಅದಾರೆ, ಚಿತ್ತಪ್ಪ ಅದಾನೆ.”

“ಚಿತ್ತಪ್ಪನ ಕುರೀನೂ ಅಲ್ಲೇ ಅದಾವೆ” ಎಂದಳು ಹುಲಿಗೆಮ್ಮ.

ಚಿತ್ತಪ್ಪ ದುರುಗಪ್ಪನ ತಮ್ಮ. ಹೆಂಡತಿ ಸಾವಂತ್ರಮ್ಮನ ಜೊತೆ ಬಿಳಿಚೋಡಿನಲ್ಲೇ ಇದ್ದ. ಅವನ ಹೆಸರು ಬಾಯಿಗೆ ಬಂದದ್ದೇ ಇಬ್ಬರಿಗೂ ನೆನಪಾದದ್ದು ಒಂದೇ.

ಎಪ್ಪತ್ತಾರನೇ ಇಸವಿಯಲ್ಲಿ ಚನ್ನಗಿರಿಯ ನಾಲೆ ಬದಿಯಲ್ಲಿ ಮಂದೆ ಹಾಕಿದ್ದಾಗ ದುರುಗಪ್ಪನಿಗೆ ಚಳಿಜ್ವರ ಬಂದಿತ್ತು. ಮಲೇರಿಯಾ ನಾಡು ಬಿಟ್ಟೇ ಹೋಯಿತೆಂದು ಎಲ್ಲರೂ ನಂಬಿದ್ದ ಕಾಲ. ಮನೆಮನೆಗೆ ಸೊಳ್ಳೆ ಔಷಧಿ ಹೊಡೆದು ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದವರು ಬರುವುದು ಅಪರೂಪವಾಗಿತ್ತು. ಬಂದು ಹೊಡೆದರೂ ಸೊಳ್ಳೆಗಳು ಅದೇ ಗೋಡೆಯ ಮೇಲೆ ಆರಾಮಾಗಿ ಕೂರುತ್ತಿದ್ದವು. ದುರುಗಪ್ಪ ಕಂಬಳಿ ಹೊದ್ದು ನಡುಗುತ್ತಲೇ ಊರು ಸೇರಿದ. ಮಾತ್ರೆ ನುಂಗಿದ, ಎದ್ದ, ಮತ್ತೆ ಮಲಗಿದ. ಅವನ ಹಿಂದೆಯೇ ಪಕ್ಕದ ಮನೆಯಲ್ಲಿ ಸಾವಂತ್ರಮ್ಮನ ಮಗಳು ಹಾಲವ್ವನಿಗೆ ಜ್ವರ ಬಂತು. ಆಗಷ್ಟೇ ನಡೆಯಲು ಕಲಿತಿದ್ದ ಮಗು. ಅದೇ ಮಾತ್ರೆಯನ್ನು ಅರೆದು ಕುಡಿಸಿದರು. ಜ್ವರ ಇಳಿಯಲಿಲ್ಲ. ಜಗಳೂರಿಗೆ ಎತ್ತಿಕೊಂಡು ಹೋದಾಗ ಅಲ್ಲಿನ ಡಾಕ್ಟರು, ಜ್ವರ ತಲೆಗೆ ಏರಿದೆ, ಮೊದಲಿನ ಜ್ವರದಂತೆ ಇದು ಮಾತು ಕೇಳುತ್ತಿಲ್ಲ ಎಂದರು. ಮಗು ಉಳಿಯಲಿಲ್ಲ. ಊರಲ್ಲಿ ಇನ್ನೂ ಕೆಲವರು ಹೋದರು. ನಾಲೆ ಕಡೆಯಿಂದ ಜ್ವರ ತಂದವರು ಯಾರೆಂದು ಹಿರಿಯರು ಕಟ್ಟೆಯ ಮೇಲೆ ಮಾತು ತೆಗೆದಾಗ ಸಾವಂತ್ರಮ್ಮ, ಮಗಳನ್ನು ಮಣ್ಣು ಮಾಡಿ ಬಂದ ಹೆಂಗಸು, ಬಾಗಿಲಲ್ಲಿ ನಿಂತೇ ಹೇಳಿದ್ದಳು: “ಜ್ವರ ಎಲ್ಲ ಊರಾಗೂ ಐತೆ. ನಮ್ಮ ಹುಲಿಗೆಮ್ಮಕ್ಕನ ಮನೆ ಹೆಸರು ಯಾರೂ ಎತ್ತಬ್ಯಾಡ್ರಿ.” ಮಾತು ಅಲ್ಲಿಗೇ ನಿಂತಿತ್ತು. ಮುಂದೆ ಸಾವಂತ್ರಮ್ಮನಿಗೆ ಮಕ್ಕಳಾಗಲಿಲ್ಲ.

“ನೀವು ಹೋಗೂದಾದ್ರೆ ಹೋಗ್ರಿ” ಎಂದಳು ಹುಲಿಗೆಮ್ಮ. “ನನ್ನ ಕುರಿ ಒಂದನ್ನೂ ಕಳಿಸಾಂಗಿಲ್ಲ. ಇನ್ನೊಂದು ಸಲ ಆಕಿ ಮನೆ ಬಾಗಿಲಿಗೆ ನಾನು ಏನನ್ನೂ ಹೊತ್ಕೊಂಡು ಹೋಗಾಂಗಿಲ್ಲ.”

ದುರುಗಪ್ಪ ಹೋಗಲಿಲ್ಲ. ಬೆಳಗ್ಗೆ ಎದ್ದು ಗುದ್ದಲಿ ತೆಗೆದುಕೊಂಡು ಗುಂಡಿ ತೋಡಲು ಶುರುಮಾಡಿದ.

ಮಾಘ ಮಾಸವೆಲ್ಲ ಗುಂಡಿ ತೋಡುವುದೇ ಆಯಿತು. ಗುಡ್ಡದ ನೆಲ, ಮೇಲೆ ಒಂದು ಮೊಳ ಕೆಮ್ಮಣ್ಣು, ಕೆಳಗೆ ಬರೀ ನೊರಜುಗಲ್ಲು. ಅವನು ತೋಡುತ್ತಿದ್ದ, ಇವಳು ಗಂಜಿ ಕಾಯಿಸಿ ಬಿದಿರಿನ ಗೊಟ್ಟದಲ್ಲಿ ಒಂದೊಂದಕ್ಕೂ ಕುಡಿಸುತ್ತಿದ್ದಳು. ಹುಣ್ಣಾದ ಬಾಯಿಗೆ ಗೊಟ್ಟ ತಗುಲಿದರೆ ಕುರಿಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಕೂಗುವ ಶಕ್ತಿಯೂ ಅವಕ್ಕೆ ಇರಲಿಲ್ಲ. ಮಂದೆ ಎಂದರೆ ಸದ್ದು. ಅಷ್ಟು ಕುರಿಗಳಿದ್ದೂ ಆ ಬೀಳು ಹೊಲ ಸದ್ದಿಲ್ಲದೆ ಇತ್ತು. ಅದೇ ಹುಲಿಗೆಮ್ಮನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈಯಲ್ಲಿ ಕುಡಿಸಿ ಬೆಳೆಸಿದ ಮರಿಗಳು, ಹೆಸರಿಟ್ಟು ಕರೆದರೆ ಓಡಿಬರುತ್ತಿದ್ದ ಕುರಿಗಳು ದಿನಾ ಒಂದೊಂದೇ ಗುಂಡಿಗೆ ಹೋದವು. ಕಲ್ಲೇಶಪ್ಪನವರು ವಾರಕ್ಕೊಮ್ಮೆ ಅಕ್ಕಿ, ಸುಣ್ಣ ಕಳಿಸುತ್ತಿದ್ದರು. ತಂದವನು ದೂರದಲ್ಲೇ ಇಳಿಸಿ ಕೂಗು ಹಾಕಿ ಹೋಗುತ್ತಿದ್ದ.

ಶಿವರಾತ್ರಿ ಕಳೆದ ಮೇಲೆ ಸಾವು ನಿಂತಿತು. ಅಷ್ಟು ದೊಡ್ಡ ಮಂದೆಯಲ್ಲಿ ಬೆರಳಲ್ಲಿ ಎಣಿಸುವಷ್ಟು ಕುರಿಗಳು ಉಳಿದವು. ಎಲುಬು ಎದ್ದು, ಉಣ್ಣೆ ಉದುರಿ, ತುಟಿಯ ಮೇಲೆ ಕಲೆ ನಿಂತಿತ್ತು. ಡಾಕ್ಟರು ಮತ್ತೆ ಬಂದು ನೋಡಿದರು. ಬೆಂಗಳೂರಿನಿಂದ ಸರಿಯಾದ ಉತ್ತರ ಇನ್ನೂ ಬಂದಿರಲಿಲ್ಲ.

“ಇವು ಗೆದ್ದುಕೊಂಡಾವೆ. ಇವಕ್ಕೆ ಈ ರೋಗ ಮತ್ತೆ ಹತ್ತಾಂಗಿಲ್ಲ ಅಂತ ನನ್ನ ಅಂದಾಜು” ಎಂದರು. ಆಮೇಲೆ ತಾವೇ ಸೇರಿಸಿದರು: “ರೋಗ ಹಿಂಗೇ ಇದ್ರೆ.”

ಹೇಳಿದಷ್ಟು ದಿನವೂ ಅಲ್ಲೇ ಕಾದರು. ಯುಗಾದಿಯನ್ನೂ ಬೀಳು ಹೊಲದಲ್ಲೇ ಕಳೆದರು. ಆಮೇಲೆ ಹೊನ್ನಾಳಿಯಲ್ಲಿ ಹೊಳೆ ದಾಟಿ, ಯಾರ ಮಂದೆಗೂ ಎದುರಾಗದ ಹಾಗೆ ಬಳಸುದಾರಿ ಹಿಡಿದು ಊರ ಕಡೆ ನಡೆದರು. ಕಳೆದುಕೊಂಡದ್ದು ಕಳೆದುಕೊಂಡೆವು, ನಮ್ಮೂರಿಗೆ ಹೊತ್ತು ತರಲಿಲ್ಲ ಎಂಬ ಒಂದು ಸಮಾಧಾನ ಹುಲಿಗೆಮ್ಮನಿಗಿತ್ತು. ದಾರಿಯುದ್ದಕ್ಕೂ ಅವಳು ಅದನ್ನೇ ಹಿಡಿದುಕೊಂಡು ನಡೆದಳು.

ಬಿಳಿಚೋಡಿನ ಹೊರಗಿನ ಹಳ್ಳದ ಬಳಿ ಬರುವಾಗಲೇ ನಾತ ಬಂತು. ಆ ನಾತ ಅವಳಿಗೆ ಗೊತ್ತಿತ್ತು. ಹಳ್ಳದ ದಂಡೆಯಲ್ಲಿ ಸತ್ತ ಕುರಿಗಳನ್ನು ಹಾಗೇ ಎಸೆದಿದ್ದರು. ನಾಯಿಗಳು ಎಳೆದಾಡುತ್ತಿದ್ದವು.

ಎದುರಿಗೆ ಬಂದ ಚಿತ್ತಪ್ಪ ಅಣ್ಣನನ್ನು ಕಂಡದ್ದೇ ಅಳತೊಡಗಿದ. ಪೂರಾ ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಬೇಕಾಯಿತು. ಸಂತೆಯಲ್ಲಿ ಯಾವನೋ ವ್ಯಾಪಾರಿಯಿಂದ ಎರಡು ಟಗರು ಮರಿ ಹಿಡಿದು ತಂದಿದ್ದ. ಮೊದಲು ಅವೇ ಮೂಗು ಸುರಿಸಿದವು. ಆಮೇಲೆ ತನ್ನ ಹಟ್ಟಿ, ಆಮೇಲೆ ಊರು. “ನಾನು ಯಾರಿಗೂ ಹೇಳಿಲ್ಲಣ್ಣ. ಹೇಳಿದ್ರೆ ಊರಾಗೆ ಇರಾಕೆ ಬಿಡ್ತಾರಾ?” ಎಂದ.

ಹುಲಿಗೆಮ್ಮ ಅಲ್ಲೇ ಕಲ್ಲಿನ ಮೇಲೆ ಕೂತಳು. ಗುಡ್ಡದ ತಪ್ಪಲಿನ ಅಷ್ಟೂ ಗುಂಡಿಗಳು ಕಣ್ಣ ಮುಂದೆ ಬಂದವು. ಅವಳು ಒಂದು ದಾರಿಗೆ ಅಡ್ಡ ಕೂತಿದ್ದಾಗ ಬೇನೆ ಇನ್ನೊಂದು ದಾರಿಯಲ್ಲಿ ಬಂದು ಊರು ಸೇರಿತ್ತು.

ಅವಳ ಕುರಿಗಳು ಊರೊಳಗೆ ಬಂದವು. ಎಲ್ಲರ ಹಟ್ಟಿಯಲ್ಲೂ ಕುರಿ ಬೀಳುತ್ತಿದ್ದಾಗ ಆ ನಾಲ್ಕಾರು ಬಡಕಲು ಕುರಿಗಳು ಮಾತ್ರ ಹಸಿರು ಹುಡುಕಿಕೊಂಡು ಮೇಯುತ್ತಿದ್ದವು, ಒಂದೂ ಕೆಮ್ಮಲಿಲ್ಲ. ಅದನ್ನು ಊರು ನೋಡಿತು. ನೀರಿಗೆ ಹೋದಲ್ಲಿ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸತೊಡಗಿದರು.

ಒಂದು ಬೆಳಗ್ಗೆ ಕಟ್ಟೆಗೆ ಕರೆ ಬಂತು. ಹಿರಿಯ ಮೂಕಪ್ಪ ಮಾತು ಶುರುಮಾಡಿದ. ಅವನ ಹಟ್ಟಿ ಆಗಲೇ ಖಾಲಿಯಾಗಿತ್ತು.

“ದುರುಗಪ್ಪ, ನೀನು ನಮ್ಮ ಹುಡುಗ. ಕೆಟ್ಟದ್ದು ಮಾಡಿದಿ ಅಂತ ಹೇಳಾಂಗಿಲ್ಲ. ಆದ್ರೆ ಬೇನೆ ಸೀಮೇಲಿಂದ ಬಂದೋನು ನೀನು. ನಿನ್ನ ಕುರಿ ಮ್ಯಾಲೆ ಬೇನೆ ಕೂತೈತೆ, ಅವನ್ನ ಸಾಯಿಸವಲ್ದು, ನಮ್ಮವನ್ನ ಸಾಯಿಸ್ತೈತೆ.”

“ನಾವು ಬರೋಕ್ಕಿಂತ ಮೊದಲೇ ಊರಾಗೆ ಬೇನೆ ಇತ್ತು” ಎಂದ ದುರುಗಪ್ಪ.

“ಎಲ್ಲಿಂದ ಬಂತು ಹಂಗಾದ್ರೆ? ನೀನು ಮುಂಚೆ ಯಾರ ಕೈಲಾದ್ರೂ ಮರಿ ಕಳಿಸಿದ್ದಿ ಅಂತಾರೆ.”

ಚಿತ್ತಪ್ಪ ನೆಲ ನೋಡುತ್ತ ನಿಂತಿದ್ದ. ಅವನ ಹಿಂದೆ ಸಾವಂತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಹುಲಿಗೆಮ್ಮ ಅವಳನ್ನು ನೋಡಿದಳು, ಅವಳೂ ನೋಡಿದಳು. ಎಂಟು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ಮಾತಾಡಿದ್ದ ಹೆಂಗಸು ಇವತ್ತು ಸುಮ್ಮನೇ ನಿಂತಳು. ಹುಲಿಗೆಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತೇನೋ.

ದುರುಗಪ್ಪ ತಮ್ಮನ ಕಡೆ ತಿರುಗಿ ಏನೋ ಹೇಳುವುದಕ್ಕೆ ಉಸಿರೆಳೆದುಕೊಂಡ. ಅಷ್ಟರಲ್ಲಿ ಹುಲಿಗೆಮ್ಮನೇ ಮುಂದೆ ಬಂದಳು.

“ಆತು ಬಿಡ್ರಿ. ನಮ್ಮ ಕುರಿ ತಗಂಡು ನಾವು ಹೊರಗೆ ಇರ್ತೀವಿ.”

ಊರಿಂದ ಆಚೆ, ಜಾಲಿ ಮರದ ದಿನ್ನೆಯ ಮೇಲೆ ಗುಡಿಸಲು ಹಾಕಿಕೊಂಡರು. ದುರುಗಪ್ಪ ಗಳ ನೆಡುತ್ತಿದ್ದವನು ಕೆಲಸ ನಿಲ್ಲಿಸಿ, “ಯಾಕೆ ನಮ್ಮ ಮ್ಯಾಲೆ ಹಾಕ್ಕೊಂಡಿ?” ಎಂದು ಕೇಳಿದ.

“ಚಿತ್ತಪ್ಪನ ಹೆಸರು ಹೇಳಿ ನೀವೇನು ತರ್ತಿದ್ರಿ? ಸತ್ತ ಕುರಿ ಎದ್ದು ಬರ್ತಿದ್ವಾ?”

“ನಾವು ಅಲ್ಲಿ ಯಾಕೆ ಸತ್ವಿ ಹಂಗಾದ್ರೆ? ಬೇನೆ ಕುರಿ ಒಂದೂ ತರಲಿಲ್ಲ ನಾವು. ಒಂದೂ ತರಲಿಲ್ಲ.”

ಅವನು ಮತ್ತೆ ಗಳ ಹಿಡಿದ. ಅಂದಿನಿಂದ ತಮ್ಮನ ಜೊತೆ ಮಾತು ಬಿಟ್ಟ.

ಜಗಳೂರಿನಿಂದ ಸಿಬ್ಬಂದಿ ಬಂದು ಉಳಿದಿದ್ದ ಕುರಿಗಳಿಗೆ ದನದ ದೊಡ್ಡರೋಗದ ಲಸಿಕೆಯನ್ನೇ ಹಾಕಿ ಹೋದರು. ಹತ್ತುತ್ತದೋ ಇಲ್ಲವೋ ನೋಡಬೇಕು ಎಂದರು. ಲಸಿಕೆ ಹಾಕಿದ ಮೇಲೂ ಕೆಲವು ಸತ್ತವು, ಕೆಲವು ಉಳಿದವು. ಮೊದಲ ಮಳೆ ಬೀಳುವ ಹೊತ್ತಿಗೆ ಊರಿನ ಹಟ್ಟಿಗಳು ಖಾಲಿಯಾಗಿ, ಬಾಗಿಲು ಹಾಕುವವರಿರಲಿಲ್ಲ. ಅತ್ತ ನಾಲೆ ಕಡೆಯ ಊರುಗಳಿಂದ ಸುದ್ದಿ ಬಂತು: ಈ ಸಲ ಮೂಡಲ ಸೀಮೆಯ ಮಂದೆಗಳನ್ನು ಗದ್ದೆಗೆ ಇಳಿಸುವುದಿಲ್ಲವಂತೆ. ಕುರಿ ಕಾಯುತ್ತಿದ್ದವರು ದಾವಣಗೆರೆಯ ದಾರಿ ಹಿಡಿದರು, ಕೆಲವರು ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋದರು. ದುರುಗಪ್ಪನೂ ಹೋದ.

ಅವನು ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಸಾವಂತ್ರಮ್ಮ ದಿನ್ನೆ ಹತ್ತಿ ಬಂದಳು. ಸೆರಗಿನಲ್ಲಿ ಒಂದು ಮರಿ ಸುತ್ತಿಕೊಂಡಿದ್ದಳು. ಹುಟ್ಟಿ ತಿಂಗಳಾಗಿರಬಹುದು, ಹಿಡಿಯಷ್ಟಿತ್ತು. ಗುಡಿಸಲ ಮುಂದೆ ಬಂದು, ಕೂರು ಎನ್ನುವುದಕ್ಕೆ ಕಾದವಳಂತೆ ನಿಂತಳು. ಹುಲಿಗೆಮ್ಮ ಚಾಪೆ ಸರಿಸಿದಳು.

“ತಾಯಿ ನಿನ್ನೆ ಹೋತು” ಎಂದಳು ಸಾವಂತ್ರಮ್ಮ. “ಇದೊಂದೇ ಉಳಿದಿರೋದು. ನಿನ್ನ ಕುರಿ ಈದೈತೆ ಅಂದ್ರು. ಮೊಲೆಗೆ ಬಿಟ್ಕಂತೈತೇನೋ ಅಂತ.”

ಹುಲಿಗೆಮ್ಮ ಮರಿಯನ್ನು ಇಸಿದುಕೊಂಡಳು. ಕಿವಿ ಸುಡುತ್ತಿತ್ತು. ಬಾಯಿ ತೆರೆದು ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದಳು. ತೌಡು ಕೂತಿತ್ತು. ಉಳಿಯುವ ಮರಿ ಅಲ್ಲ ಅದು. ಅದನ್ನು ಹೇಳಲಿಲ್ಲ. ಈದ ಕುರಿಯನ್ನು ಗೂಟಕ್ಕೆ ಕಟ್ಟಿ, ಮರಿಯ ಮೂತಿಯನ್ನು ಮೊಲೆಗೆ ಹಿಡಿದಳು. ಕುರಿ ಒದೆಯಲಿಲ್ಲ. ಮರಿಗೆ ಮಾತ್ರ ಚೀಪಲು ಬಾಯಿ ಬರಲಿಲ್ಲ. ಹಾಲು ತುಟಿಯಿಂದ ಇಳಿದು ನೆಲಕ್ಕೆ ಬಿತ್ತು.

“ಅವತ್ತು ಕಟ್ಟೆ ಹತ್ರ ಹೇಳಬೇಕು ಅಂತ ಬಂದಿತ್ತಕ್ಕ ನಾಲಿಗೆ ತುದೀಗೆ” ಎಂದಳು ಸಾವಂತ್ರಮ್ಮ. “ಮಗಳಂತೂ ಇಲ್ಲ. ಈತನ್ನೂ ಊರು ಬಿಡಿಸಿದ್ರೆ ನಾನು ಯಾರ ಮನ್ಯಾಗೆ ಇರಲಿ ಅನ್ನಿಸ್ತು.”

ಹುಲಿಗೆಮ್ಮ ಕುರಿಯ ಕೆಚ್ಚಲಿಂದ ಒಂದಿಷ್ಟು ಹಾಲನ್ನು ಬಟ್ಟಲಿಗೆ ಹಿಂಡಿದಳು. ಗೊಟ್ಟ ತಂದು ತೊಳೆದಳು. ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ವಾರಗಿತ್ತಿಯ ಕಡೆ ನೋಡಿದಳು.

“ಗೊತ್ತು. ಇಲ್ಲಿ ಬಾ, ಇದರ ದವಡೆ ಹಿಡಕಾ. ಮೆಲ್ಲಕೆ, ಹುಣ್ಣು ಆಗೈತೆ.”

ಸಾವಂತ್ರಮ್ಮ ಬಂದು ಎದುರಿಗೆ ಕೂತು ಮರಿಯ ದವಡೆ ಹಿಡಿದಳು. ಇಬ್ಬರೂ ಸೇರಿ ತೊಟ್ಟು ತೊಟ್ಟಾಗಿ ಹಾಲು ಬಿಡತೊಡಗಿದರು. ಒಂದು ಗುಟುಕು ಇಳಿದರೆ ಎರಡು ಹೊರಗೆ ಬರುತ್ತಿತ್ತು. ಹೊತ್ತು ಇಳಿಯುವವರೆಗೂ ಅವರು ಅಲ್ಲಿಂದ ಏಳಲಿಲ್ಲ.